ಬರ ಪರಿಹಾರ: ನಿಮ್ಮ ದುಡ್ಡು ಎಲ್ಲಿ ನಿಂತಿದೆ?

2023ರ ಬರದ ಬಗ್ಗೆ ಇವತ್ತಿಗೂ ಪತ್ರ ಬರುವುದು ನಿಂತಿಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಹೊಲ ಒಣಗಿದ್ದನ್ನು ರೈತರು ಹೇಗೋ ನುಂಗಿಕೊಂಡರು. ಪರಿಹಾರದ ಲೆಕ್ಕ ಮಾತ್ರ ಹಲವರಿಗೆ ಇನ್ನೂ ಗಂಟಲಲ್ಲೇ ಇದೆ. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ.

ಪ್ರಶ್ನೆ: ಸರ್, ನಂದು ನಾಲ್ಕು ಎಕರೆ ಒಣ ಬೇಸಾಯ. ಬಾಜೂ ಹೊಲದವರದ್ದು ಎಂಟು ಎಕರೆ. ಅವರಿಗೆ 17 ಸಾವಿರ ಬಂತು. ನನಗೆ ಮೊದಲು 2,000, ಆಮೇಲೆ 2,472 ರೂಪಾಯಿ. ಅವರದರ ಅರ್ಧನಾದರೂ ಬರಬೇಕಿತ್ತಲ್ಲ? — ಯಲಬುರ್ಗಾ ತಾಲ್ಲೂಕಿನ ರೈತರು

ಅರ್ಧ ಅಲ್ಲ, ಅದಕ್ಕಿಂತ ಜಾಸ್ತಿನೇ ಬರಬೇಕಿತ್ತು. ಬನ್ನಿ, ಲೆಕ್ಕ ಹಾಕೋಣ.

ವಿಪತ್ತು ಪರಿಹಾರ ನಿಧಿಯ ದರವನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. 2022ರಿಂದ 2026ರ ಅವಧಿಗೆ ಇಟ್ಟ ದರ ಹೀಗಿತ್ತು: ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೋಟದ ಬೆಳೆಯಂಥ ಬಹುವಾರ್ಷಿಕ ಬೆಳೆಗೆ 22,500. ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿರಬೇಕು. ಎಷ್ಟೇ ಜಮೀನಿದ್ದರೂ 2 ಹೆಕ್ಟೇರಿಗೆ ಮಾತ್ರ ಕೊಡುತ್ತಾರೆ. ನಿಮ್ಮ ಬಾಜೂದವರಿಗೆ ಎಂಟು ಎಕರೆ ಇದ್ದರೂ 17 ಸಾವಿರಕ್ಕೇ ನಿಂತಿದ್ದು ಅದಕ್ಕೇ. 2 ಹೆಕ್ಟೇರ್ ಅಂದರೆ ಐದು ಎಕರೆಗೆ ಎರಡು ಗುಂಟೆ ಕಡಿಮೆ. ಮಿಕ್ಕ ಮೂರು ಎಕರೆ ಲೆಕ್ಕಕ್ಕೇ ಬಂದಿಲ್ಲ.

ಈಗ ನಿಮ್ಮದು. ಒಣ ಬೇಸಾಯದ ಒಂದು ಎಕರೆಗೆ ಸುಮಾರು 3,440 ರೂಪಾಯಿ ಬೀಳುತ್ತದೆ, ಗುಂಟೆಗೆ 86. ನಾಲ್ಕು ಎಕರೆಗೆ 13,760ರ ಆಸುಪಾಸು ಬರಬೇಕು. ನಿಮಗೆ ಬಂದಿದ್ದು ಎರಡೂ ಕಂತು ಸೇರಿ 4,472. ಇದನ್ನು 86ರಿಂದ ಭಾಗಿಸಿ ನೋಡಿ. 52 ಗುಂಟೆ ಬರುತ್ತದೆ, ಅಂದರೆ ಒಂದು ಎಕರೆ ಹನ್ನೆರಡು ಗುಂಟೆ. ಸರ್ಕಾರದ ಕಂಪ್ಯೂಟರಿಗೆ ಕಂಡಿರುವ ನಿಮ್ಮ ಜಮೀನು ಅಷ್ಟೇ. ಪಹಣಿ ತೆಗೆದು ನೋಡಿ, ನಿಮ್ಮ ಸರ್ವೆ ನಂಬರುಗಳಲ್ಲಿ ಒಂದರ ವಿಸ್ತೀರ್ಣ ಸರಿಯಾಗಿ 1-12 ಇರಬಹುದು ಅಂತ ನನ್ನ ಊಹೆ.

ಹೀಗೆ ಆಗಲು ಎರಡು ದಾರಿ ಇವೆ. ಒಂದು, ನಿಮ್ಮ ಎಫ್‌ಐಡಿಗೆ (ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ) ಆ ಒಂದು ಸರ್ವೆ ನಂಬರ್ ಮಾತ್ರ ಜೋಡಣೆಯಾಗಿರುವುದು. ಈ ಸಂಖ್ಯೆ ಕೊಡುವ ಫ್ರೂಟ್ಸ್ ತಂತ್ರಾಂಶ ಬಂದ ಹೊಸದರಲ್ಲಿ ಕಿಸಾನ್ ಸಮ್ಮಾನ್ ದುಡ್ಡಿಗೋ, ಬೀಜ ಗೊಬ್ಬರಕ್ಕೋ ಬೇಕು ಅಂತ ಅವಸರದಲ್ಲಿ ಒಂದು ಪಹಣಿ ಕೊಟ್ಟು ಎಫ್‌ಐಡಿ ಮಾಡಿಸಿಕೊಂಡವರು ತುಂಬಾ ಜನ. ಆಮೇಲೆ ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಎಲ್ಲಾ ಪಹಣಿ ತೆಗೆದುಕೊಂಡು ಹೋದರೆ ಉಳಿದವನ್ನೂ ಸೇರಿಸಿಕೊಡುತ್ತಾರೆ.

ಇನ್ನೊಂದು ದಾರಿ ಬೆಳೆ ಸಮೀಕ್ಷೆಯದ್ದು. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ಪರಿಹಾರ, ವಿಮೆ, ಬೆಂಬಲ ಬೆಲೆ ಖರೀದಿ ಎಲ್ಲವೂ ಈಗ ಇದರ ಮೇಲೇ ನಿಂತಿವೆ. ಪ್ರತಿ ಹಂಗಾಮಿನಲ್ಲೂ ಪಿ.ಆರ್. ಅಂತ ಕರೆಯುವ ಊರಿನ ಹುಡುಗರು ಮೊಬೈಲ್ ಹಿಡಿದು ಹೊಲ ಹೊಲ ತಿರುಗಿ, ಬೆಳೆ ಯಾವುದು ಅಂತ ನಮೂದಿಸಿ ಫೋಟೊ ಹಾಕುತ್ತಾರೆ. ಪಾವಗಡ ಕಡೆ ಒಬ್ಬ ರೈತರ ಜೊತೆ ಕೂತು ಅವರ ಹೊಲದ ದಾಖಲೆ ತೆಗೆಸಿ ನೋಡಿದ್ದೆ. ಕಡಲೆಕಾಯಿ ಬಿತ್ತಿದ ಮೂರು ಎಕರೆ. ಫೋಟೊದಲ್ಲಿ ಇದ್ದಿದ್ದು ಬದುವಿನ ಮೇಲಿನ ಜಾಲಿ ಗಿಡ, ಹಿಂದೆ ಒಂದು ವಿದ್ಯುತ್ ಕಂಬ. ಬೆಳೆಯ ಕಾಲಂನಲ್ಲಿ "ಬೀಳು" ಅಂತ ಇತ್ತು. ಹುಡುಗ ರಸ್ತೆಯಲ್ಲೇ ನಿಂತು ಕ್ಲಿಕ್ಕಿಸಿ ಹೋಗಿದ್ದ. ಬೀಳು ಬಿಟ್ಟ ಹೊಲದಲ್ಲಿ ಬೆಳೆ ನಷ್ಟ ಎಲ್ಲಿಂದ ಬರಬೇಕು? ಅವರಿಗೆ ಒಂದು ರೂಪಾಯಿಯೂ ಬರಲಿಲ್ಲ.

ಈ ಕೆಲಸವನ್ನು ರೈತರೇ ಮಾಡಿಕೊಳ್ಳಲು ಆ್ಯಪ್ ಇದೆ. ಬೇರೆಯವರು ಮಾಡಿದ್ದನ್ನು ನೋಡಿ ಆಕ್ಷೇಪಣೆ ಹಾಕಲು "ಬೆಳೆ ದರ್ಶಕ" ಆ್ಯಪ್ ಇದೆ. ಆದರೆ ಆಕ್ಷೇಪಣೆಗೆ ಗಡುವು ಇರುತ್ತದೆ, ಅದು ದಾಟಿದರೆ ಅರ್ಜಿ ಹಿಡಿದು ಅಲೆದಾಟವೇ ಗತಿ. ಬಿತ್ತಿ ಒಂದೂವರೆ ತಿಂಗಳಿಗೆ ಮಗನ ಕೈಯಲ್ಲೋ ಮಗಳ ಕೈಯಲ್ಲೋ ಮೊಬೈಲ್ ಕೊಟ್ಟು ಒಮ್ಮೆ ನೋಡಿಸಿ.

ಮೊದಲು ಬಂದ 2,000 ಬೇರೆ ದುಡ್ಡಲ್ಲ. ಕೇಂದ್ರದ ಹಣ ಬರುವುದು ತಡವಾಯಿತು ಅಂತ 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಗರಿಷ್ಠ 2,000ದವರೆಗೆ ಮುಂಗಡವಾಗಿ ಕೊಟ್ಟಿತ್ತು. ಆಮೇಲೆ ಅದನ್ನು ಕಳೆದು ಬಾಕಿ ಹಾಕಿದರು.

ಪ್ರಶ್ನೆ: ಎಕರೆಗೆ ಮೂರೂವರೆ ಸಾವಿರ! ನನಗೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಸೇರಿ ಹದಿನೈದು ಸಾವಿರ ದಾಟಿತ್ತು. ಇದನ್ನು ಪರಿಹಾರ ಅಂತ ಯಾವ ಬಾಯಲ್ಲಿ ಕರೆಯುತ್ತಾರೆ? — ಹಾವೇರಿ ಜಿಲ್ಲೆಯ ಓದುಗರು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಿಯಮದ ಪುಸ್ತಕದಲ್ಲಿ ಇದರ ಹೆಸರು "ಇನ್‌ಪುಟ್ ಸಬ್ಸಿಡಿ". ಅಂದರೆ ಮುಂದಿನ ಬಿತ್ತನೆಗೆ ಬೀಜ ಗೊಬ್ಬರಕ್ಕೆ ಅಂತ ಒಂದಿಷ್ಟು ಕೈಗಾಸು. ಹೋದ ಬೆಳೆಯ ಬೆಲೆ ಕಟ್ಟಿಕೊಡುವ ಮಾತೇ ಅದರಲ್ಲಿಲ್ಲ. ಬರ ಪರಿಹಾರ ಅನ್ನುವ ದೊಡ್ಡ ಹೆಸರು ಕೊಟ್ಟಿದ್ದು ನಾವು, ರಾಜಕಾರಣಿಗಳು ಅದನ್ನೇ ಹಿಡಿದುಕೊಂಡರು.

ಆ ವರ್ಷ ಕರ್ನಾಟಕ ಕೇಳಿದ್ದು 18,171 ಕೋಟಿ ರೂಪಾಯಿ. ನಷ್ಟವಾದ ಬೆಳೆ ಪ್ರದೇಶ 48 ಲಕ್ಷ ಹೆಕ್ಟೇರ್ ದಾಟಿತ್ತು. ಕಾದು ಸಾಕಾಗಿ 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾಗಿದ್ದು 3,454 ಕೋಟಿ. ಯಾರ ಲೆಕ್ಕ ಸರಿ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಮುಂಗಾರು ಬೆಳೆ ಒಣಗಿದ್ದು ಸೆಪ್ಟೆಂಬರಿನಲ್ಲಿ, ದುಡ್ಡು ರೈತರ ಖಾತೆ ಮುಟ್ಟಿದ್ದು ಮುಂದಿನ ಮೇ ತಿಂಗಳಲ್ಲಿ. ಎಂಟು ತಿಂಗಳು ಬಡ್ಡಿಗೆ ಸಾಲ ತಂದು ಮನೆ ನಡೆಸಿದವರಿಗೆ ಅದು ಬಡ್ಡಿಗೂ ಸಾಲದೆ ಹೋಯಿತು.

ರಾಜ್ಯ ಮನಸ್ಸು ಮಾಡಿದರೆ ತನ್ನ ಬೊಕ್ಕಸದಿಂದ ಮೇಲೆ ಸೇರಿಸಬಹುದು. 2025ರಲ್ಲಿ ಅತಿವೃಷ್ಟಿಯಿಂದ ಬೆಳೆ ಹೋದಾಗ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿ, ಒಣ ಬೇಸಾಯಕ್ಕೆ 17,000, ನೀರಾವರಿಗೆ 25,500 ಮಾಡಿದ್ದರು. ಮಳೆಗೆ ಕೊಟ್ಟದ್ದು ಬರಕ್ಕೆ ಯಾಕಿಲ್ಲ ಅಂತ ಮುಂದಿನ ಸಲ ನಿಮ್ಮ ಶಾಸಕರನ್ನು ಕೇಳಿ. ಕೇಳುವುದರಲ್ಲಿ ತಪ್ಪೇನಿದೆ?

ಪ್ರಶ್ನೆ: ಜಮೀನು ಇನ್ನೂ ತೀರಿಹೋದ ಮಾವನವರ ಹೆಸರಲ್ಲೇ ಇದೆ. ನಮ್ಮ ಯಜಮಾನರು, ಇಬ್ಬರು ಮೈದುನಂದಿರು ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಮೂವರಿಗೂ ಏನೂ ಬಂದಿಲ್ಲ. — ಚಳ್ಳಕೆರೆ ತಾಲ್ಲೂಕಿನ ಗೃಹಿಣಿ

ಅಮ್ಮಾ, ಬರೋದೂ ಇಲ್ಲ. ತೀರಿಹೋದವರ ಆಧಾರ್‌ಗೆ ಎಫ್‌ಐಡಿ ಮಾಡಲು ಆಗುವುದಿಲ್ಲ. ಎಫ್‌ಐಡಿ ಇಲ್ಲದೆ ಪರಿಹಾರ ತಂತ್ರಾಂಶದಲ್ಲಿ ಹೆಸರೇ ಏಳುವುದಿಲ್ಲ. ಬಾಯಿಮಾತಿನ ಭಾಗ ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ.

ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಬೇಕು. ಗ್ರಾಮ ಆಡಳಿತ ಅಧಿಕಾರಿಯನ್ನು (ನಮ್ಮ ಬಾಯಲ್ಲಿ ಇನ್ನೂ "ವಿಲೇಜ್ ಅಕೌಂಟೆಂಟ್") ಕಂಡರೆ ಅರ್ಜಿಯ ದಾರಿ ಹೇಳುತ್ತಾರೆ. ವಂಶವೃಕ್ಷದಲ್ಲಿ ನಾದಿನಿಯರ ಹೆಸರೂ ಬರುತ್ತದೆ, ಬರಲೇಬೇಕು. ಬಹಳ ಮನೆಗಳಲ್ಲಿ ಪೌತಿ ಖಾತೆ ವರ್ಷಗಟ್ಟಲೆ ನಿಂತಿರುವುದು ಈ ಒಂದೇ ಕಾರಣಕ್ಕೆ. ಹೆಣ್ಣುಮಕ್ಕಳ ಹೆಸರು ಸೇರಿದರೆ ಪಾಲು ಕೇಳುತ್ತಾರೆ ಅನ್ನುವ ಹೆದರಿಕೆ. ಆ ಹೆದರಿಕೆಯಿಂದ ಪಾಲೂ ಹಾಗೇ ಉಳಿಯುತ್ತದೆ, ಪರಿಹಾರವೂ ಹೋಗುತ್ತದೆ. ಮನೆಯಲ್ಲಿ ಕೂತು ಮಾತಾಡಿ ಮುಗಿಸಿ.

ಜಂಟಿ ಖಾತೆಯಾದ ಮೇಲೆ ಒಬ್ಬೊಬ್ಬರೂ ಬೇರೆ ಬೇರೆ ಎಫ್‌ಐಡಿ ಮಾಡಿಸಬೇಕು. ಯಾರ ಪಾಲು ಎಷ್ಟು ಗುಂಟೆ ಅಂತ ಪಹಣಿಯಲ್ಲಿ ಸ್ಪಷ್ಟ ಇದ್ದರೆ ತಕರಾರು ಕಡಿಮೆ. ಪೋಡಿ (ಜಮೀನು ಅಳೆದು ಪಾಲು ಬೇರೆ ಮಾಡುವುದು) ನಿಧಾನಕ್ಕೆ ಆಗಲಿ, ಖಾತೆ ಮೊದಲು.

ಪ್ರಶ್ನೆ: ಬೆಳೆ ವಿಮೆ ಕಟ್ಟಿದ್ದೆ. ತೊಗರಿ ಪೂರ್ತಿ ಹೋಯಿತು. 72 ಗಂಟೆಯೊಳಗೆ ದೂರು ಕೊಡಲಿಲ್ಲ ಅಂತ ವಿಮೆ ಸಿಗಲಿಲ್ಲ ಅನ್ನುತ್ತಾರೆ. ನಿಜವೇ? — ಕಲಬುರಗಿ ಜಿಲ್ಲೆಯ ಓದುಗರು

ಬರಕ್ಕೂ 72 ಗಂಟೆಗೂ ಸಂಬಂಧವಿಲ್ಲ. ಆಲಿಕಲ್ಲು ಬಿತ್ತು, ಹೊಲಕ್ಕೆ ನೀರು ನುಗ್ಗಿತು, ಭೂಕುಸಿತವಾಯಿತು ಅಂದರೆ ಒಬ್ಬ ರೈತನ ಹೊಲಕ್ಕೆ ಬೇರೆಯಾಗಿ ನಷ್ಟ ಕಟ್ಟುತ್ತಾರೆ. ದೂರಿನ ಗಡುವು ಅದಕ್ಕೆ. ಬರ ಬಂದರೆ ಊರಿಗೇ ಬರುತ್ತದೆ, ಹಾಗಾಗಿ ಲೆಕ್ಕವೂ ಊರಿಂದೇ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದ ಬೆಳೆಗೆ ಹೋಬಳಿ ಒಂದು ಘಟಕ.

ಪಂಚಾಯಿತಿಯಲ್ಲಿ ಕೆಲವು ಹೊಲಗಳನ್ನು ಆರಿಸಿ, ಅಳೆದ ಜಾಗದಲ್ಲಿ ಬೆಳೆ ಕೊಯ್ದು ತೂಕ ಹಾಕುತ್ತಾರೆ. ಬೆಳೆ ಕಟಾವು ಪ್ರಯೋಗ ಅಂತ ಇದರ ಹೆಸರು. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷದ ಸರಾಸರಿ ಹಿಡಿದು ಖಾತರಿ ಇಳುವರಿ ತೆಗೆದಿರುತ್ತಾರೆ. ಸುಮ್ನೆ ಉದಾಹರಣೆಗೆ: ಖಾತರಿ ಇಳುವರಿ ಎಕರೆಗೆ 4 ಕ್ವಿಂಟಲ್, ಈ ವರ್ಷ ಪ್ರಯೋಗದಲ್ಲಿ ಬಂದಿದ್ದು 3 ಅಂತಿಟ್ಟುಕೊಳ್ಳಿ. ಕೊರತೆ ಕಾಲು ಭಾಗ. ವಿಮಾ ಮೊತ್ತ 20,000 ಇದ್ದರೆ 5,000 ಸಿಗುತ್ತದೆ. ನಿಮ್ಮ ಹೊಲದಲ್ಲಿ ಒಂದು ಕಾಳೂ ಬರದಿದ್ದರೂ 5,000, ಪಕ್ಕದವರಿಗೆ ಐದು ಕ್ವಿಂಟಲ್ ಆಗಿದ್ದರೂ 5,000. ಪ್ರಯೋಗದಲ್ಲಿ 4 ಕ್ವಿಂಟಲ್ ಬಂತೋ, ಯಾರಿಗೂ ಏನಿಲ್ಲ. ಹಾಗಾಗಿ ಕಟಾವು ಪ್ರಯೋಗ ನಡೆಯುವ ದಿನ ಊರಿನ ನಾಲ್ಕು ಜನ ಅಲ್ಲಿ ನಿಂತು ನೋಡುವುದು ಒಳ್ಳೆಯದು.

ನಿಮ್ಮ ಪಂಚಾಯಿತಿಯ ಬೇರೆ ತೊಗರಿ ಬೆಳೆಗಾರರಿಗೆ ವಿಮೆ ಬಂದಿದೆಯೇ ವಿಚಾರಿಸಿ. ಅವರಿಗೆ ಬಂದು ನಿಮಗೆ ಮಾತ್ರ ಬಂದಿಲ್ಲ ಅಂದರೆ ಮತ್ತೆ ಬೆಳೆ ಸಮೀಕ್ಷೆಯನ್ನೇ ನೋಡಬೇಕು. ವಿಮೆ ಕಟ್ಟಿದ್ದು ತೊಗರಿಗೆ, ಸಮೀಕ್ಷೆಯಲ್ಲಿ ಹತ್ತಿ ಅಂತ ಇದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಹೀಗೆ ಹೊಂದಾಣಿಕೆಯಾಗದವರ ಪಟ್ಟಿಯನ್ನು ಪಂಚಾಯಿತಿ, ರೈತ ಸಂಪರ್ಕ ಕೇಂದ್ರದಲ್ಲಿ ಅಂಟಿಸಿ ಆಕ್ಷೇಪಣೆ ಕರೆಯುತ್ತಾರೆ. "ಸಂರಕ್ಷಣೆ" ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ಕಾಣುತ್ತದೆ. ಇನ್ನೊಂದು ಮಾತು: ಸರ್ಕಾರದ ಬರ ಪರಿಹಾರ ಬಂದಿದೆ ಅಂತ ವಿಮೆ ತಪ್ಪುವುದಿಲ್ಲ. ಎರಡೂ ಬೇರೆ ಬೇರೆ.

ಪ್ರಶ್ನೆ: ಪರಿಹಾರದ ದುಡ್ಡು ಜಮೆಯಾದ ದಿನವೇ ಬ್ಯಾಂಕಿನವರು ಸಾಲಕ್ಕೆ ಹಿಡಿದುಕೊಂಡರು. ಹಾಗೆ ಮಾಡಬಹುದೇ? — ವಿಜಯಪುರದ ಓದುಗರು

ಮಾಡಬಾರದು. 2024ರಲ್ಲಿ ಇಂಥ ದೂರು ಬಂದಾಗ ಪರಿಹಾರದ ಹಣ ಸಾಲಕ್ಕೆ ಜಮಾ ಮಾಡಬೇಡಿ ಅಂತ ಸರ್ಕಾರ, ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದ್ದರು. ಮೊದಲು ಮ್ಯಾನೇಜರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದರೆ "ಸಿಸ್ಟಂ ಹಿಡಿದುಕೊಂಡಿದೆ" ಅನ್ನುತ್ತಾರೆ, ಕಾಗದ ನೋಡಿದರೆ ಸಿಸ್ಟಂ ಬಿಡುತ್ತದೆ. ಬಗ್ಗದಿದ್ದರೆ ಜಿಲ್ಲೆಯ ಬ್ಯಾಂಕುಗಳನ್ನು ಹೊಂದಿಸಿಕೊಂಡು ಹೋಗುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರು, ಆಮೇಲೆ ತಹಶೀಲ್ದಾರರು.

ಅದಕ್ಕಿಂತ ದೊಡ್ಡ ಅನುಕೂಲ ಒಂದಿದೆ, ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದ ಪ್ರಕಾರ, ಬೆಳೆ ನಷ್ಟ ಶೇ 33ರಿಂದ 50 ಇದ್ದರೆ ಬೆಳೆ ಸಾಲವನ್ನು ಎರಡು ವರ್ಷದವರೆಗೆ, ಶೇ 50 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಐದು ವರ್ಷದವರೆಗೆ ಮುಂದಕ್ಕೆ ಹಾಕಿ ಕಂತು ಮಾಡಬಹುದಿತ್ತು. ಮೊದಲ ವರ್ಷ ಕಂತಿಗೆ ಬಿಡುವು ಇತ್ತು. ಆದರೆ ಬರ ಬೀಳುವಾಗ ಸಾಲ ಸುಸ್ತಿಯಾಗಿರಬಾರದು ಅನ್ನುವ ಷರತ್ತೂ ಇತ್ತು. ಬ್ಯಾಂಕಿನವರು ತಾವಾಗಿ ಕರೆದು ಹೇಳಿದ್ದನ್ನು ನಾನಂತೂ ನೋಡಿಲ್ಲ. ಘೋಷಣೆಯಾದ ವಾರದಲ್ಲೇ ಹೋಗಿ, ಈಗಿನ ನಿಯಮ ಏನು ಅಂತ ಕೇಳಿ. ಬಡ್ಡಿ ಮನ್ನಾ ಅಂತ ತಿಳಿಯಬೇಡಿ, ಉಸಿರಾಡಲು ಸಮಯ ಸಿಗುತ್ತದೆ ಅಷ್ಟೇ.

ಪ್ರಶ್ನೆ: ಎಲ್ಲಾ ದಾಖಲೆ ಸರಿ ಇದೆ, ಪಟ್ಟಿಯಲ್ಲಿ ಹೆಸರೂ ಇದೆ. ದುಡ್ಡು ಮಾತ್ರ ಇಲ್ಲ. — ಕೋಲಾರ ಜಿಲ್ಲೆಯ ಓದುಗರು

ದುಡ್ಡು ಹೋಗುವುದು ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರ್‌ಗೆ ಕೊನೆಗೆ ಜೋಡಣೆಯಾದ ಖಾತೆಗೆ. ಯಾವತ್ತೋ ತೆರೆದು ಮರೆತ ಖಾತೆ ಇದ್ದರೆ ಅಲ್ಲಿ ನೋಡಿ. ಎಲ್ಲೂ ಇಲ್ಲ ಅಂದರೆ ಬ್ಯಾಂಕಿನಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ಮಾಡಿ" ಅಂತ ಈ ಪದದಲ್ಲೇ ಹೇಳಿ. ಆಧಾರ್‌ಗೆ ಬರುವ ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ ನಮೂದಿಸುವುದು ಅದು. ಆಧಾರ್ ಲಿಂಕ್ ಅಂದರೆ ಬರೀ ಕೆವೈಸಿ ಮಾಡಿ ಕಳಿಸಿಬಿಡುತ್ತಾರೆ. ಪಹಣಿಯಲ್ಲೊಂದು, ಆಧಾರ್‌ನಲ್ಲೊಂದು ಹೆಸರಿದ್ದರೂ ಹಣ ನಿಲ್ಲುತ್ತದೆ.

ಪ್ರಶ್ನೆ: ನಾನು ಗುತ್ತಿಗೆಗೆ ಹೊಲ ಮಾಡಿದ್ದೆ. ಖರ್ಚು ನಂದು, ನಷ್ಟ ನಂದು, ಪರಿಹಾರ ಮಾತ್ರ ಬೆಂಗಳೂರಿನಲ್ಲಿರುವ ಯಜಮಾನರ ಖಾತೆಗೆ. ಏನಾದರೂ ದಾರಿ ಇದೆಯೇ? — ರಾಯಚೂರು ಜಿಲ್ಲೆಯ ಯುವಕರು

ನೇರ ದಾರಿ ಇಲ್ಲ. ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಭೂ ಸುಧಾರಣಾ ಕಾಯ್ದೆಯಡಿ ನಮ್ಮಲ್ಲಿ ಕೃಷಿ ಜಮೀನು ಗೇಣಿಗೆ ಕೊಡುವುದಕ್ಕೇ ನಿಷೇಧ ಇದೆ. ಅದಕ್ಕೇ ಗುತ್ತಿಗೆ, ಲಾವಣಿ, ಕೋರು ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತವೆ. ಬರೆದುಕೊಟ್ಟರೆ ಜಮೀನು ಹೋಗುತ್ತದೆ ಅನ್ನುವ ಭಯ ಮಾಲೀಕರಿಗೆ. ಉಳುವವನಿಗೆ ಭೂಮಿ ಕೊಡಿಸಿದ ಕಾನೂನೇ ಈಗ ಉಳುವವನನ್ನು ಲೆಕ್ಕದಿಂದ ಹೊರಗಿಟ್ಟಿದೆ. ವಿಮೆ ಯೋಜನೆಯಲ್ಲಿ ಗೇಣಿದಾರರಿಗೂ ಅವಕಾಶ ಇದೆ ಅಂತ ಕಾಗದದಲ್ಲಿದೆ, ಆದರೆ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಎಲ್ಲಿದೆ?

ಈಗ ಆಗುವುದು ಒಂದೇ. ಮುಂದಿನ ಬಿತ್ತನೆಗೆ ಮೊದಲು ಯಜಮಾನರ ಜೊತೆ ಗುತ್ತಿಗೆ ಹಣ ಮಾತಾಡುವಾಗಲೇ, ಪರಿಹಾರವೋ ವಿಮೆಯೋ ಬಂದರೆ ಯಾರಿಗೆ ಎಷ್ಟು ಅಂತ ಮುಗಿಸಿಕೊಳ್ಳಿ. ಊರಿನ ಇಬ್ಬರು ಹಿರಿಯರು ಪಕ್ಕದಲ್ಲಿರಲಿ. ಈ ಸಲದ್ದನ್ನೂ ಕೇಳಿ ನೋಡಿ. ಕೇಳಿದ ಮೇಲೆ ಗುತ್ತಿಗೆ ಹಣದಲ್ಲಿ ಅಷ್ಟನ್ನು ಕಡಿಮೆ ಮಾಡಿಕೊಂಡ ಮಾಲೀಕರೂ ಇದ್ದಾರೆ.