ಚಮಚ ಬಗ್ಗಿದ್ದು ಮನಸ್ಸಿನಿಂದಲೋ, ಬೆರಳಿನಿಂದಲೋ?

ಪ್ರಶ್ನೆ: ನಮ್ಮ ಭಾವ ಚಮಚ ಬಗ್ಗಿಸುವ ವಿಡಿಯೋ ತೋರಿಸಿ, 'ಇದು ಜಾದೂ ಅಲ್ಲ, ಮನಸ್ಸಿನ ಶಕ್ತಿ' ಅಂತಾರೆ. ಎರಡಕ್ಕೂ ಏನು ವ್ಯತ್ಯಾಸ?
— ಓದುಗರೊಬ್ಬರು, ತಿಪಟೂರು

ಉತ್ತರ: ವ್ಯತ್ಯಾಸ ಜಾಸ್ತಿ ಇರುವುದು ಮಾಡುವವರ ಮಾತಿನಲ್ಲಿ. ಮಂತ್ರ ಹಾಕಿ, ನಿಂಬೆಹಣ್ಣು ಕೊಯ್ದು ಹೊರಗಿನ ಶಕ್ತಿಯನ್ನು ಕರೆಯುತ್ತೇನೆ ಅನ್ನುವುದು ಮಾಟ. ಅದೇನೂ ಬೇಡ, ಎಲ್ಲ ನನ್ನ ತಲೆಯೊಳಗೇ ಇದೆ ಅನ್ನುವುದು ಅತೀಂದ್ರಿಯ ಶಕ್ತಿ. ಜಾದೂಗಾರ ಮಾತ್ರ 'ಇದು ಕೈಚಳಕ ಸ್ವಾಮಿ' ಅಂತ ಒಪ್ಪಿಕೊಂಡೇ ಟೋಪಿ ಹಾಕುತ್ತಾನೆ, ಪಾಪ.

ಚಮಚಕ್ಕೆ ಬರೋಣ. ಇದರಿಂದ ಜಗತ್ತಿಗೆಲ್ಲ ಹೆಸರಾದವರು ಇಸ್ರೇಲಿನ ಯೂರಿ ಗೆಲ್ಲರ್. ಅವರೂ ಮನಸ್ಸಿನ ಶಕ್ತಿ ಅಂತಲೇ ಹೇಳಿದ್ದು. 1973ರಲ್ಲಿ ಅಮೆರಿಕದ ಜಾನಿ ಕಾರ್ಸನ್ ಅವರ ಟಿವಿ ಶೋಗೆ ಬಂದರು. ಕಾರ್ಸನ್ ಹಿಂದೆ ತಾವೇ ಜಾದೂ ಮಾಡುತ್ತಿದ್ದವರು. ಅವರ ತಂಡ ಜಾದೂಗಾರ ಜೇಮ್ಸ್ ರ‍್ಯಾಂಡಿಯನ್ನು ಕೇಳಿಕೊಂಡು, ಚಮಚ, ಡಬ್ಬಿ ಎಲ್ಲ ತಾನೇ ತಂದಿಟ್ಟು, ಶೋಗೆ ಮುಂಚೆ ಗೆಲ್ಲರ್ ಕಡೆಯವರು ಯಾರೂ ಮುಟ್ಟದ ಹಾಗೆ ನೋಡಿಕೊಂಡಿತು. ಇಪ್ಪತ್ತು ನಿಮಿಷ ಒದ್ದಾಡಿದರೂ ಏನೂ ಆಗಲಿಲ್ಲ. ಇವತ್ತು ಯಾಕೋ ಶಕ್ತಿ ಬರುತ್ತಿಲ್ಲ ಅಂದರು!

ಜಾದೂಗಾರರ ಒಂದು ದಾರಿ ಹೀಗೆ: ಚಮಚದ ಕತ್ತನ್ನು ಮೊದಲೇ ಹತ್ತಾರು ಸಲ ಹಿಂದೆ ಮುಂದೆ ಬಗ್ಗಿಸಿಟ್ಟರೆ ಲೋಹ ಸೋತಿರುತ್ತದೆ, ಆಮೇಲೆ ಎಲ್ಲರ ಮುಂದೆ ಹೆಬ್ಬೆರಳಿನಿಂದ ಸುಮ್ನೆ ಸವರಿದರೂ ಬಾಗುತ್ತದೆ, ಕೆಲವೊಮ್ಮೆ ಮುರಿದೇ ಬೀಳುತ್ತದೆ. ಇಂಥ ಶಕ್ತಿ ತೋರಿಸಿದವರಿಗೆ ರ‍್ಯಾಂಡಿ ಸಂಸ್ಥೆ 10 ಲಕ್ಷ ಡಾಲರ್ ಇಟ್ಟಿತ್ತು. 2015ರಲ್ಲಿ ನಿಲ್ಲಿಸುವ ತನಕ ಯಾರೂ ಗೆಲ್ಲಲಿಲ್ಲ.

ಭಾವ ಇನ್ನೊಂದು ವಿಡಿಯೋ ತಂದರೆ, ಚಮಚ ಯಾರ ಮನೆಯದು ಅಂತ ಮೊದಲು ಕೇಳಿ.