ಎಡಿನ್‌ಬರೋ ಮೃಗಾಲಯದ ಪೆಂಗ್ವಿನ್ ಒಂದಕ್ಕೆ ಸೈನ್ಯದಲ್ಲಿ ಹುದ್ದೆ ಇದೆಯೆಂಬುದು ನಿಜವೇ?

ನಿಜ. ಸ್ಕಾಟ್ಲೆಂಡಿನ ಈ ಮೃಗಾಲಯದಲ್ಲಿರುವ ಸರ್ ನಿಲ್ಸ್ ಓಲಾವ್ ಎಂಬ ಕಿಂಗ್ ಪೆಂಗ್ವಿನ್, ನಾರ್ವೆಯ ರಾಜರಕ್ಷಕ ದಳದಲ್ಲಿ ಮೇಜರ್ ಜನರಲ್.

ಸೇನಾ ಕವಾಯತು ಪ್ರದರ್ಶನಕ್ಕೆಂದು ಎಡಿನ್‌ಬರೋಗೆ ಬರುತ್ತಿದ್ದ ಆ ದಳದ ನಿಲ್ಸ್ ಎಗೆಲಿಯನ್ ಎಂಬ ಅಧಿಕಾರಿಗೆ ಇಲ್ಲಿನ ಪೆಂಗ್ವಿನ್‌ಗಳು ಹಿಡಿಸಿದ್ದರಿಂದ, 1972ರಲ್ಲಿ ದಳವು ಒಂದನ್ನು ದತ್ತು ಪಡೆದು, ಅವರ ಹೆಸರಿನೊಂದಿಗೆ ಆಗಿನ ದೊರೆ ಐದನೆಯ ಓಲಾವ್ ಅವರ ಹೆಸರನ್ನೂ ಸೇರಿಸಿ ನಾಮಕರಣ ಮಾಡಿತು. ಲ್ಯಾನ್ಸ್ ಕಾರ್ಪೊರಲ್ ಆಗಿ ಸೇರಿದ ಹಕ್ಕಿಗೆ 1987ರಲ್ಲಿ ಸಾರ್ಜೆಂಟ್ ಪದವಿ, 2008ರಲ್ಲಿ ನೈಟ್ ಗೌರವ, 2016ರಲ್ಲಿ ಬ್ರಿಗೇಡಿಯರ್ ಹುದ್ದೆ, 2023ರಲ್ಲಿ ಈಗಿನ ಬಡ್ತಿ ದೊರೆತಿವೆ. ಇಷ್ಟು ಸೇವೆ ಒಂದೇ ಹಕ್ಕಿಯದಲ್ಲ. ಒಂದು ತೀರಿಕೊಂಡರೆ ಹೆಸರೂ ಹುದ್ದೆಯೂ ಮುಂದಿನದಕ್ಕೆ ಸಲ್ಲುತ್ತವೆ, ಈಗಿನದು ಮೂರನೆಯದು.

ಬಡ್ತಿಯ ಸಮಾರಂಭವೇ ನೋಡತಕ್ಕದ್ದು. ಸಮವಸ್ತ್ರ ಧರಿಸಿ ಸಾಲಾಗಿ ನೆಟ್ಟಗೆ ನಿಂತ ಸೈನಿಕರ ಮುಂದೆ, ಬಲರೆಕ್ಕೆಗೆ ಪದವಿಯ ಪಟ್ಟಿ ಕಟ್ಟಿಸಿಕೊಂಡ ಈ ಹಕ್ಕಿ ತನಗೆ ತೋಚಿದ ವೇಗದಲ್ಲಿ ಹೆಜ್ಜೆಹಾಕುತ್ತಾ ತಪಾಸಣೆ ನಡೆಸುತ್ತದೆ. ನಗು ತಡೆದುಕೊಳ್ಳುವುದು ಸೈನಿಕರಿಗೆ ಕಷ್ಟವೇ ಇರಬೇಕು.

ಈ ಸಮಾರಂಭಗಳು ಸಾಮಾನ್ಯವಾಗಿ ದಳವು ಪ್ರದರ್ಶನಕ್ಕೆ ಬರುವ ಆಗಸ್ಟ್‌ನಲ್ಲಿ ನಡೆಯುತ್ತವೆಯಾದರೂ ಪ್ರತಿವರ್ಷ ಇರುವುದಿಲ್ಲ. ಬೇರೆ ಸಮಯದಲ್ಲಿ ಹೋಗುವವರು ಮೃಗಾಲಯದ ಪೆಂಗ್ವಿನ್ ಮೆರವಣಿಗೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳಬಹುದು: 1951ರಲ್ಲಿ ಗೇಟು ಅಕಸ್ಮಾತ್ತಾಗಿ ತೆರೆದುಳಿದಾಗ ಹಕ್ಕಿಗಳು ಹೊರಬಂದದ್ದೇ ಅದರ ಆರಂಭ, ಅದರಲ್ಲಿ ಭಾಗವಹಿಸುವುದೂ ಬಿಡುವುದೂ ಅವುಗಳ ಇಚ್ಛೆ.