ಕ್ಯಾಷ್ ಕೌಂಟರ್‌ನಲ್ಲಿ ಕೂತ ಭಯ

ಎಲ್ಲೋ ಹೊಸ ಜ್ವರದ ಸುದ್ದಿ ಬಂದರೆ ಸಾಕು, ನನಗೆ ಅದೇ ನಾಲ್ಕು ಪ್ರಶ್ನೆಗಳು ಬರುತ್ತವೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ (ಉಸಿರಾಟಕ್ಕೆ ಸೋಂಕು ತರುವ ಒಂದು ವೈರಸ್) ಎಂದಾಗಲೂ ಬಂದವು. ಇನ್ನೊಮ್ಮೆ ಬರೆಯುತ್ತೇನೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನಾನು ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್. ಕೋವಿಡ್ ಕಾಲದಲ್ಲಿ ಸಿಬ್ಬಂದಿ ಬರುತ್ತಿದ್ದರು, ಕೆಲಸದಲ್ಲಿ ಮಾತ್ರ ಮನಸ್ಸಿರಲಿಲ್ಲ. ಮತ್ತೆ ಹಾಗಾದರೆ ಮೋಟಿವೇಷನ್ ಭಾಷಣ ಇಡಿಸಲೇ?

ಬೇಡ ಸರ್. ಆ ದುಡ್ಡಿಗೆ ನಾಲ್ಕು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಜೋರಾಗಿದ್ದಾಗ, ಒಬ್ಬ ಕ್ಯಾಷಿಯರ್ ನನಗೆ ಫೋನ್ ಮಾಡಿದ್ದರು. ಮೆಷಿನ್ ಎಣಿಸಿದ ಕಟ್ಟನ್ನೇ ಮತ್ತೆ ಕೈಯಲ್ಲಿ ಎಣಿಸುತ್ತಿದ್ದರಂತೆ. ಎಂಬತ್ತು ದಾಟುವಷ್ಟರಲ್ಲಿ ಸಾಲಿನಲ್ಲಿ ಯಾರೋ ಕೆಮ್ಮಿದರೆ ಮತ್ತೆ ಒಂದರಿಂದ ಶುರು. ಸ್ಯಾನಿಟೈಸರ್ ಹಚ್ಚಿ ಹಚ್ಚಿ ಬೆರಳ ತುದಿ ಬಿರಿದಿತ್ತು. ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವ ಅತ್ತೆ. ‘ನನಗೆ ಬಂದ್ರೆ ಬರಲಿ ಡಾಕ್ಟ್ರೇ, ಅವರಿಗೆ ಅಂಟಿಸಿಬಿಟ್ರೆ?’ ಅಂದರು. ಇವರನ್ನು ಸೋಮಾರಿ ಅಂತೀರಾ?

ಕೆಲಸದಲ್ಲಿ ಮನಸ್ಸು ತೊಡಗುವುದರ ಬಗ್ಗೆ ಅಮೆರಿಕದ ಸಂಶೋಧಕ ವಿಲಿಯಂ ಕಾನ್ 1990ರಲ್ಲೇ ಬರೆದಿದ್ದಾರೆ. ಅವರ ಪ್ರಕಾರ ಮೂರು ಬೇಕು. ಕೆಲಸಕ್ಕೆ ಅರ್ಥ ಇರಬೇಕು. ಬಾಯಿಬಿಟ್ಟು ಮಾತಾಡಿದರೆ ಏಟು ಬೀಳಬಾರದು. ಮೈಯಲ್ಲಿ, ಮನಸ್ಸಿನಲ್ಲಿ ಕಸುವು ಉಳಿದಿರಬೇಕು. ಮೂರನೆಯದನ್ನು ಭಯ ತಿಂದುಹಾಕುತ್ತದೆ, ಸರಿ. ಎರಡನೆಯದನ್ನು ಹಾಳು ಮಾಡುವುದು ಮಾತ್ರ ಆಫೀಸೇ. ಆ ಕ್ಯಾಷಿಯರ್ ಇದ್ದ ಶಾಖೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದಿದ್ದನ್ನು ಎರಡು ದಿನ ಮುಚ್ಚಿಟ್ಟರು, ‘ಸುಮ್ನೆ ಗಾಬರಿ ಆಗ್ತಾರೆ’ ಅಂತ. ವಿಷಯ ಗೊತ್ತಾಗಿದ್ದು ಟೀ ತರುವ ಹುಡುಗನಿಂದ. ಅಲ್ಲಿಂದ ಮೇಲೆ ಎಲ್ಲರೂ ಬಂದು ಸಹಿ ಹಾಕಿದರು, ಹೇಳಿದಷ್ಟು ಮಾಡಿದರು, ಒಂದು ಎಳೆ ಜಾಸ್ತಿ ಮಾಡಲಿಲ್ಲ. ನಾನಾಗಿದ್ದರೂ ಅಷ್ಟೇ.

ಭಯ ಇದ್ದರೆ ನಿಷ್ಠೆ ಇರಲ್ಲ ಅನ್ನುವವರು ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಯಲಿ. ಹೆದರಿಕೊಂಡೇ ಮನೆಮನೆ ಸುತ್ತಿದರು. 2020ರ ಜುಲೈಯಲ್ಲಿ ಮುಷ್ಕರಕ್ಕೆ ಕೂತಾಗ ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ, ಮೈ ಕಾಪಾಡುವ ಸಾಮಾನು. ಭಾಷಣ ಕೇಳಲಿಲ್ಲ.

ಹಾಗಾಗಿ ಸರ್, ಯಾರಿಗಾದರೂ ಸೋಂಕು ಬಂದರೆ ಅವತ್ತೇ ಹೇಳಿ, ಹೆಸರು ಬೇಡ. ಜ್ವರದವರಿಗೆ ಸಂಬಳ ಸಹಿತ ರಜೆ ಕೊಡಿ, ಇಲ್ಲದಿದ್ದರೆ ಪ್ಯಾರಸಿಟಮಾಲ್ ನುಂಗಿ ಬಂದು ಕೂರುತ್ತಾರೆ. ಮನೆಯಲ್ಲಿ ಕಾಯಿಲೆಯವರು ಇರುವವರನ್ನು ಕೌಂಟರ್‌ನಿಂದ ಒಳಗಿನ ಕೆಲಸಕ್ಕೆ ಹಾಕಿ. ಎಸಿ ನಿಲ್ಲಿಸಿ ಕಿಟಕಿ ತೆಗೆಯಿರಿ. ಇಷ್ಟಾದ ಮೇಲೂ ಒಬ್ಬರಿಗೆ ಎರಡು ವಾರ ನಿದ್ದೆಯೇ ಇಲ್ಲ, ಎದೆ ಡವಗುಟ್ಟುತ್ತದೆ ಅಂದರೆ ಅದು ನಿಮ್ಮ ಕೈಮೀರಿದ್ದು. 14416ಕ್ಕೆ ಫೋನ್ ಮಾಡಿಸಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಕರ್ಪೂರ, ಓಮದ ಗಂಟು ಮೂಸಿದರೆ ಆಕ್ಸಿಜನ್ ಏರಿ ಧೈರ್ಯ ಬರುತ್ತದಂತೆ?

ಏರಲ್ಲ. ಕರ್ಪೂರ ದೇವರ ಮನೆಯಲ್ಲಿರಲಿ, ಮಕ್ಕಳ ಕೈಗೆ ಸಿಗದ ಹಾಗೆ. ನುಂಗಿದರೆ ಫಿಟ್ಸ್ ಬರುತ್ತದೆ.

ಪ್ರಶ್ನೆ: ಒಂದೇ ಸಿಟಿಂಗ್‌ನಲ್ಲಿ ಹಿಪ್ನಾಟಿಸಂ ಮಾಡಿ ಇಡೀ ಆಫೀಸಿನ ಭಯ ತೆಗೆಯುತ್ತೇವೆ ಎನ್ನುತ್ತಾರೆ. ತಲೆಗೆ ಎರಡು ಸಾವಿರ. ಕರೆಸಬಹುದೇ?

ಭಯ ಹೋಗುತ್ತದೋ ಇಲ್ಲವೋ, ದುಡ್ಡಂತೂ ಹೋಗುತ್ತದೆ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಒಬ್ಬರು ಇನ್ನೂ ಮಾಸ್ಕ್ ಹಾಕುತ್ತಾರೆ. ಎಲ್ಲರೂ ನಗುತ್ತೇವೆ. ಇದು ಮಾನಸಿಕ ಕಾಯಿಲೆಯೇ?

ನಾನೂ ಹಾಕುತ್ತೇನೆ. ಅವರ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದ್ದೀರಾ?